ಹಿಂದಿನ ವ್ಯತ್ಯಾಸ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನನಗೆ ‘ಗೀಟು ಮೇಡಂ’ ಎಂಬ ಹೆಸರಿದೆ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಬೆನ್ನ ಹಿಂದೆ ಕರೆದದ್ದು ಎಷ್ಟು ಸಲ ನನ್ನ ಕಿವಿಗೆ ಬಿತ್ತು ಎಂಬ ಲೆಕ್ಕ ಡೈರಿಯಲ್ಲಿದೆ: ಈ ಶಾಲಾ ವರ್ಷದಲ್ಲಿ ಇಲ್ಲಿಯವರೆಗೆ ಹದಿನಾಲ್ಕು. ಗಣಿತ ಕಲಿಸುವವಳಿಗೆ ಎಣಿಸುವ ಚಟ ಇದ್ದರೆ ತಪ್ಪೇನು ಎಂದು ನೀವು ಕೇಳಬಹುದು. ತಪ್ಪೇನಿಲ್ಲ. ಆದರೆ ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಎಷ್ಟು ಹೋಳಿಗೆ ಬಿದ್ದವು ಎಂದು ಬೆರಳು ಮಡಚುವವಳ ಪಕ್ಕದಲ್ಲಿ ಯಾರೂ ಎರಡನೇ ಸಲ ಕೂರುವುದಿಲ್ಲ. ಇದು ಅನುಭವದ ಮಾತು.

ಮೊನ್ನೆ ತುಮಕೂರಿನ ಮನೆಯಲ್ಲಿ ಬೀರು ಒತ್ತರಿಸುತ್ತಿದ್ದೆ. ನೀಲಿ ರಟ್ಟಿನ ಒಂದು ನೋಟ್‌ಪುಸ್ತಕ ಕೈಗೆ ಸಿಕ್ಕಿತು. ಪುಟದ ತುಂಬ ಗೀಟುಗಳು: ನಾಲ್ಕು ನಿಂತ ಗೀಟು, ಅವುಗಳ ಮೇಲೆ ಒಂದು ಅಡ್ಡ ಗೀಟು. ಬೇರೆಯವರು ನೋಡಿದರೆ ಹಾಲಿನ ಲೆಕ್ಕವೋ ಪಂಚಾಯಿತಿ ಚುನಾವಣೆಯ ಎಣಿಕೆಯೋ ಅಂದುಕೊಂಡಾರು. ಅದು ನಮ್ಮ ಕಾರಿನ ಹಿಂಭಾಗ ಎಷ್ಟು ಸಲ ‘ಲೊಟಕ್’ ಅಂದಿತು ಎಂಬುದರ ಲೆಕ್ಕ. ಒತ್ತರಿಸುವ ಕೆಲಸ ಅಲ್ಲಿಗೆ ನಿಂತಿತು. ಬಟ್ಟೆ ರಾಶಿಯ ಮೇಲೇ ಕೂತೆ.

ಲೊಟಕ್ ಎಂಬುದು ಸುಮ್ಮನೆ ಬಂದ ಪದವಲ್ಲ. ಅದು ನಮ್ಮಪ್ಪನ ನಿಘಂಟಿನದ್ದು. ಅಪ್ಪನಿಗೆ ಗುಬ್ಬಿಯಲ್ಲಿ ಒಂದು ಗ್ಯಾರೇಜು. ತಗಡಿನ ಚಾವಣಿ ಹಾಕಿದ ಶೆಡ್ಡು. ಗಾಡಿ ತಂದವರು ಯಾರೇ ಆಗಲಿ, ಬಾನೆಟ್ ಎತ್ತುವುದಕ್ಕೆ ಮೊದಲು ಒಂದು ಪರೀಕ್ಷೆ ಪಾಸಾಗಬೇಕಿತ್ತು.

“ಗಾಡಿ ಹೆಂಗಂತದೆ? ಬಾಯಲ್ಲಿ ಹೇಳಪ್ಪ.”

ಪಂಚೆ ಎತ್ತಿ ಕಟ್ಟಿದ ದೊಡ್ಡ ಮನುಷ್ಯರು, ಹಾಗಲವಾಡಿ ಕಡೆಯಿಂದ ಟೆಂಪೊ ತಂದ ರೈತರು, ಒಮ್ಮೆ ಒಬ್ಬರು ಕಾಲೇಜು ಪ್ರಿನ್ಸಿಪಾಲರು, ಎಲ್ಲರೂ ನಮ್ಮ ಶೆಡ್ಡಿನ ಮುಂದೆ ನಿಂತು ಬಾಯಲ್ಲಿ ಗಾಡಿಯ ಸದ್ದು ಮಾಡಿ ತೋರಿಸುತ್ತಿದ್ದರು. ಗುಂಯ್ ಅಂದರೆ ಬೇರಿಂಗು. ಕೊರ್ರ್ ಅಂದರೆ ಹಲ್ಲು ಸವೆದ ಪಿನಿಯನ್ನು. ಚಿಂವ್ ಚಿಂವ್ ಅಂದರೆ ಬೆಲ್ಟು. ಕಟ ಕಟ ಅಂದರೆ ಟ್ಯಾಪೆಟ್ಟು. ಆಕ್ಸಿಲರೇಟರಿನಿಂದ ಕಾಲು ಎತ್ತಿ ಮತ್ತೆ ಒತ್ತಿದಾಗ ಹಿಂದಿನಿಂದ ಲೊಟಕ್ ಅಂದರೆ ಹೌಸಿಂಗು, ಅಂದರೆ ಎರಡು ಹಿಂದಿನ ಚಕ್ರಗಳ ನಡುವೆ ಇರುವ ಆ ಹೊಟ್ಟೆಯಂಥ ಗುಂಡು. ನಾನು ಸ್ಕೂಲಿನಿಂದ ಬಂದು ಶೆಡ್ಡಿನ ಟೈರಿನ ಮೇಲೆ ಕೂತು ಪುರಿ ತಿನ್ನುತ್ತಾ ಈ ನಾಟಕ ನೋಡುತ್ತಿದ್ದೆ. ಯಾರಾದರೂ ಸರಿಯಾಗಿ ಸದ್ದು ಮಾಡಲಿಲ್ಲವೆಂದರೆ ಅಪ್ಪ ಗದರುತ್ತಿದ್ದ.

“ಕೊರ್ರೋ ಗೊರ್ರೋ? ನೆಟ್ಟಗೆ ಹೇಳಯ್ಯ. ಕೊರ್ರಾದ್ರೆ ಒಂದಿನದ ಕೆಲ್ಸ, ಗೊರ್ರಾದ್ರೆ ಗಾಡಿ ಬುಟ್ಟೋಗು.”

ಆಮೇಲೆ ತಾನೇ ಒಂದು ರೌಂಡು ಓಡಿಸಿ ಬಂದು, ಇಳಿಯುವ ಮೊದಲೇ ರೋಗ ಹೇಳುತ್ತಿದ್ದ. ಅದು ತಪ್ಪಾದದ್ದು ನನ್ನ ನೆನಪಿನಲ್ಲಿಲ್ಲ. ರಸ್ತೆಯಲ್ಲಿ ಹೋಗುವ ಲಾರಿಯ ಸದ್ದು ಕೇಳಿ, ಊಟದ ತಟ್ಟೆಯಿಂದ ತಲೆ ಎತ್ತದೆ, “ಇವ್ನು ತಿಪಟೂರು ಮುಟ್ಟಲ್ಲ” ಎನ್ನುತ್ತಿದ್ದ. ಅಮ್ಮ “ಅಪಶಕುನ ನುಡೀಬೇಡಿ, ಸಾರು ಹಾಕ್ಕೊಳಿ” ಎನ್ನುತ್ತಿದ್ದಳು. ನನಗೆ ಎಣಿಸುವ ಚಟ ಹತ್ತಿಸಿದವನೂ ಅವನೇ. ಗಾಡಿ ಟ್ರಯಲ್ ನೋಡುವಾಗ ಪಕ್ಕದಲ್ಲಿ ಕೂರಿಸಿಕೊಂಡು, “ಬ್ರಿಡ್ಜ್ ತಂಕ ಎಷ್ಟ್ ಸಲ ಅಂತದೆ ಎಣ್ಸು ಮಗಾ” ಎನ್ನುತ್ತಿದ್ದ. ಎಣಿಸಿ ಹೇಳಿದರೆ ಬೆನ್ನು ತಟ್ಟುತ್ತಿದ್ದ. ಫ್ರಾಕಿನ ಬೆನ್ನಿಗೆ ಐದು ಬೆರಳಿನ ಗ್ರೀಸು. ಅಮ್ಮನ ಬೈಗುಳ ಇಬ್ಬರಿಗೂ ಸಮಪಾಲು.

ಇನ್ನು ನಮ್ಮ ಕಾರಿನ ಕಥೆ. ಗುಬ್ಬಿಯ ಜನ ಅದನ್ನು ‘ಪಾರ್ಸಲ್ ಕಾರು’ ಎನ್ನುತ್ತಾರೆ. ಊರಿನ ಒಬ್ಬ ಕೊಬ್ಬರಿ ಮಂಡಿ ಯಜಮಾನರು ಎಲ್ಲೋ ಚಿತ್ರ ನೋಡಿ ಆಸೆಪಟ್ಟು ತರಿಸಿದ್ದು. ಎರಡು ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂತು: ಫೈಬರಿನ ಕೆಂಪು ಮೈ, ಕಬ್ಬಿಣದ ಚೌಕಟ್ಟು, ಎರಡೇ ಎರಡು ಸೀಟು, ಬೊಗಸೆಯಷ್ಟು ದೊಡ್ಡ ದೀಪಗಳು. ಎಂಜಿನ್ನೂ ಹಿಂದಿನ ಹೌಸಿಂಗೂ ನಾವೇ ಹುಡುಕಿಕೊಂಡು, ಜೊತೆಗಿದ್ದ ಪುಸ್ತಕ ಓದಿಕೊಂಡು ಜೋಡಿಸಿಕೊಳ್ಳಬೇಕು. ಯಜಮಾನರು ಶೆಡ್ಡಿಗೆ ಬಂದು ಬರಿಯ ಮೈಯೊಳಗೆ ಒಂದು ಸಲ ಕೂತು ನೋಡಿದರು. ಕೂರುವುದಕ್ಕೇನೋ ಕೂತರು, ಏಳುವುದಕ್ಕೆ ಆಗಲಿಲ್ಲ. ಅಪ್ಪ ಒಂದು ಕಂಕುಳು, ಮಾವ ಒಂದು ಕಂಕುಳು ಹಿಡಿದು ಎತ್ತಿದರು. ಯಜಮಾನರು ಪಂಚೆ ಕೊಡವಿಕೊಂಡು, “ಸಿದ್ದಣ್ಣ, ಇದು ಮನುಷ್ರು ಕೂರೋ ಗಾಡಿಯಲ್ಲ, ನೀನೇ ಇಟ್ಕೊ” ಎಂದು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮಾವ ಎಂದೆನಲ್ಲ, ಅವನು ಅಮ್ಮನ ತಮ್ಮ ರುದ್ರೇಶ. ಕುಣಿಗಲ್ಲಿನವನು. ಕುದುರೆ ಫಾರಂನಲ್ಲಿ ಲಾಳ ಕಟ್ಟುವುದು ಅವನ ಕೆಲಸ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಯಾವಾಗಲೂ ಗೊರಸಿನ ವಾಸನೆ. ಪ್ರತಿ ಭಾನುವಾರ ಬಸ್ಸು ಹತ್ತಿ ಗುಬ್ಬಿಗೆ ಬಂದು ಅಪ್ಪನ ಜೊತೆ ಕಾರು ಜೋಡಿಸುತ್ತಿದ್ದ. ಇಬ್ಬರಿಗೂ ಇಂಗ್ಲಿಷು ಬಾರದು. ಆರನೇ ಕ್ಲಾಸಿನಲ್ಲಿದ್ದ ನಾನೇ ವಿದುಷಿ. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಆ ಪುಸ್ತಕವನ್ನು ಕನ್ನಡಕ್ಕೆ ಇಳಿಸಿ, ಗುಂಡಗೆ ಬರೆದು, ಪುಟಕ್ಕೆ ನಂಬರು ಹಾಕಿ ಕೊಡುತ್ತಿದ್ದೆ. ಯೂನಿವರ್ಸಲ್ ಜಾಯಿಂಟು ನನ್ನ ಕೈಯಲ್ಲಿ ‘ವಿಶ್ವವ್ಯಾಪಿ ಕೀಲು’ ಆಯಿತು. ಹೌಸಿಂಗಿನ ಒಳಗಿನ ಪುಟ್ಟ ಹಲ್ಲುಚಕ್ರಗಳು, ಸ್ಪೈಡರ್ ಗೇರು, ‘ಜೇಡದ ಗೇರು’ ಆದವು. ಅದನ್ನು ಓದಿದ್ದು ಕೇಳಿ ಅಮ್ಮ ಅಡುಗೆಮನೆಯಿಂದ, “ಜೇಡ ಇದ್ರೆ ಮೊದ್ಲು ಔಷ್ದಿ ಹೊಡ್ದು ಆಮೇಲೆ ಒಳಗೆ ತನ್ನಿ” ಎಂದಳು. ಅದೇ ಹೌಸಿಂಗನ್ನು ಪುಸ್ತಕ ರಿಯರ್ ಡಿಫರೆನ್ಷಿಯಲ್ ಎಂದಿದ್ದ ಕಡೆ ಡಿಕ್ಷನರಿಯಲ್ಲಿ ಹತ್ತಿರದ ಪದ ಹುಡುಕಿ ನಾನು ಬರೆದ ವಾಕ್ಯ ಹೀಗಿತ್ತು: ‘ಈಗ ಹಿಂದಿನ ವ್ಯತ್ಯಾಸವನ್ನು ಚೌಕಟ್ಟಿಗೆ ಭದ್ರವಾಗಿ ಬಿಗಿಯಿರಿ.’

ಅಪ್ಪ ಸ್ಪಾನರ್ ಕೆಳಗಿಟ್ಟ. “ಯಾರ್ ಯಾರ್ ಮಧ್ಯ ವ್ಯತ್ಯಾಸ ಮಗಾ?”

“ಹಿಂದಿನವರದ್ದು” ಎಂದೆ ನಾನು, ಭಾರಿ ಗಂಭೀರವಾಗಿ.

“ನಿಮ್ಮಕ್ಕಂಗೂ ನಂಗೂ ಮದ್ವೆಲಿ ಆಯ್ತಲ್ಲ, ಅದಿರ್ಬೇಕು ಕಣ್ಲಾ ರುದ್ರ. ಬಿಗ್ಯಾಗಿ ಕಟ್ಟು” ಎಂದ ಅಪ್ಪ. ಮಾವ ನೆಲಕ್ಕೆ ಕೂತು ನಕ್ಕ. ಹೌಸಿಂಗು ಎಂಬ ಪದ ಆವತ್ತಿನಿಂದ ನಮ್ಮ ಮನೆಯಲ್ಲಿ ಸತ್ತುಹೋಯಿತು. ‘ವ್ಯತ್ಯಾಸಕ್ಕೆ ಎಣ್ಣೆ ಹಾಕಿದ್ಯಾ?’, ‘ವ್ಯತ್ಯಾಸದ ನಟ್ಟು ಸಡ್ಲ ಆಗದೆ’ ಇವು ನಮ್ಮ ಮನೆಯ ಸಾಮಾನ್ಯ ಮಾತುಗಳು. ಹೊಸದಾಗಿ ಬಂದ ನೆಂಟರು ನಮ್ಮದು ಭಾರಿ ಜಗಳಗಂಟ ಮನೆ ಎಂದುಕೊಂಡದ್ದೂ ಇದೆ.

ಗುಜರಿಗೆ ಹೋದ ಒಂದು ಹಳೆಯ ಟ್ಯಾಕ್ಸಿಯ ಎಂಜಿನ್ನು, ಅದರದ್ದೇ ವ್ಯತ್ಯಾಸ ಹಾಕಿ, ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಅವರಿಬ್ಬರೂ ಕಾರು ಎಬ್ಬಿಸಿದರು. ಅದು ಮೊದಲ ಸಲ ಶೆಡ್ಡಿನಿಂದ ಹೊರಬಂದಾಗ ನಾನು ಅಪ್ಪನ ಪಕ್ಕದಲ್ಲಿದ್ದೆ. ಮೇಲೆ ಚಾವಣಿ ಇಲ್ಲ. ನನ್ನ ಎರಡು ಜಡೆಗಳೂ ಹಿಂದಕ್ಕೆ ನಿಂತಿದ್ದವು. ಬಸ್‌ಸ್ಟ್ಯಾಂಡಿನ ಹತ್ತಿರ ಹೂವಿನವಳು ಮೊಳ ಹಾಕುವುದು ಬಿಟ್ಟು ನೋಡಿದಳು. ಅಪ್ಪನ ಮುಖ ನಾನು ಅದಕ್ಕೆ ಮುಂಚೆ ಹಾಗೆ ನೋಡಿರಲಿಲ್ಲ. ಡೈರಿಯಲ್ಲಿ ಆ ದಿನದ ಪುಟದಲ್ಲಿ ಬರೆದುಕೊಂಡಿದ್ದೇನೆ: ‘ತಿರುಗಿ ನೋಡಿದವರು ಅರವತ್ತೆರಡು. ಇದರಲ್ಲಿ ಎಮ್ಮೆ ಸೇರಿಲ್ಲ.’

ನಾನು ಓದು ಮುಗಿಸಿ ತುಮಕೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಭಾನುವಾರಗಳು ಕಾರಿನವೇ ಆಗಿದ್ದವು. ಬೆಳಗ್ಗೆ ನಾನು ಬಸ್ಸಿನಲ್ಲಿ ಗುಬ್ಬಿಗೆ ಹೋಗುವುದು. ಅಲ್ಲಿಂದ ಅಪ್ಪ ಕಾರು ತೆಗೆದು ತುಮಕೂರು, ಹೆಬ್ಬೂರು ದಾಟಿ ಕುಣಿಗಲ್ಲಿಗೆ, ಮಾವನ ಮನೆಗೆ. ಅತ್ತೆಯ ಕೈಯ ಮುದ್ದೆ ಉಂಡು ವಾಪಸು. ಎರಡು ವರ್ಷದ ಹಿಂದೆ ಇಂಥದ್ದೊಂದು ಭಾನುವಾರವೇ ಲೊಟಕ್ ಶುರುವಾದದ್ದು.

“ಅಂತು” ಎಂದ ಅಪ್ಪ.

“ಅಂತು” ಎಂದೆ ನಾನು.

ಹಳೆಯ ಆಟ ಮತ್ತೆ ಸಿಕ್ಕಿದ ಹಾಗಾಯಿತು. ನೀಲಿ ಪುಸ್ತಕ ತೆಗೆದು ಮೂರು ಕಾಲಂ ಎಳೆದೆ. ನಾನು ಕೇಳಿಸಿಕೊಂಡದ್ದು ಒಂದರಲ್ಲಿ. ಅಪ್ಪನಿಗೆ ಕೇಳಿದಾಗ ಅವನು ‘ಹೂಂ’ ಅನ್ನಬೇಕು, ಅದು ಎರಡನೆಯದರಲ್ಲಿ. ಕಳೆದು ಬಂದದ್ದು ಮೂರನೆಯದರಲ್ಲಿ. ಅದರ ತಲೆಬರಹ ‘ವ್ಯತ್ಯಾಸ’ ಎಂದೇ ಇಡಬೇಕಾಗಿ ಬಂದದ್ದಕ್ಕೆ ಇಬ್ಬರೂ ಹೆಬ್ಬೂರು ಬರುವವರೆಗೆ ನಕ್ಕೆವು. ಮೊದಲ ಭಾನುವಾರ ನನ್ನದು ಇಪ್ಪತ್ತೆರಡು, ಅಪ್ಪನದು ಇಪ್ಪತ್ತೊಂದು.

“ಬಿಚ್ಚಿ ನೋಡೋಣ್ವಾ?” ಎಂದು ಕೇಳಿದ್ದೆ.

“ಇಪ್ಪತ್ತೊಂದ್ಕೆಲ್ಲ ಬಿಚ್ತಾರಾ? ಐವತ್ತಾಗ್ಲಿ ಬುಡು.”

ಐವತ್ತಾಗಲಿಲ್ಲ. ಆರು ತಿಂಗಳಿಗೆ ನನ್ನದು ಇಪ್ಪತ್ತೇಳು, ಅಪ್ಪನದು ಹತ್ತೊಂಬತ್ತು. ವರ್ಷಕ್ಕೆ ನನ್ನದು ಮೂವತ್ತಮೂರು, ಅಪ್ಪನದು ಹನ್ನೆರಡು. ಅಪ್ಪನಿಗೆ ಖುಷಿಯೋ ಖುಷಿ. “ನೋಡ್ದ್ಯಾ? ಎಣ್ಣೆ ಕುಡ್ಕೊಂಡು ತಾನೇ ಸರಿಹೋಗ್ತಾ ಐತೆ.” ನಾನು ನನ್ನ ಗೀಟು ತೋರಿಸಿದರೆ, “ನಿಂದು ಎಳೇ ಕಿವಿ. ರೋಡಿನ್ ಗುಂಡೀನೂ ಎಣ್ಸ್‌ಕೊತೀಯ” ಎನ್ನುತ್ತಿದ್ದ. ನಾನೂ ಹೌದೇನೋ ಅಂದುಕೊಂಡೆ. ಅಪ್ಪನ ಕಿವಿಯನ್ನು ಅನುಮಾನಿಸುವುದಕ್ಕಿಂತ ನನ್ನ ಗೀಟನ್ನು ಅನುಮಾನಿಸುವುದು ಸುಲಭವಾಗಿತ್ತು. ಎರಡು ವರ್ಷ ಕಾಲಂ ಎಳೆದು, ಕಳೆದು, ತಾರೀಖು ಹಾಕಿ, ಕೆಂಪು ಇಂಕಿನಲ್ಲಿ ಮೊತ್ತ ಬರೆದ ಗಣಿತದ ಟೀಚರಿಗೆ ಆ ಲೆಕ್ಕ ಏನು ಹೇಳುತ್ತಿದೆ ಎಂಬುದು ಹೊಳೆಯಲಿಲ್ಲ ನೋಡಿ. ಮಕ್ಕಳಿಗೆ ಮಾತ್ರ ‘ಉತ್ತರ ಬಂದ ಮೇಲೆ ಅದರ ಅರ್ಥ ಏನು ಅಂತ ಯೋಚಿಸಿ’ ಎಂದು ದಿನಾ ಹೇಳುತ್ತೇನೆ.

ಅದನ್ನು ಓದಿದವನು ಮಾವ, ಪುಸ್ತಕ ಮುಟ್ಟದೆ.

ಈ ವರ್ಷ ಯುಗಾದಿ ಕಳೆದ ಮೇಲಿನ ಒಂದು ಭಾನುವಾರ ಕುಣಿಗಲ್ಲಿನಲ್ಲಿ ಊಟ ಆಯಿತು. ಮಾವ ಎಲೆ ಅಡಿಕೆ ಬಾಯಿಗಿಟ್ಟುಕೊಂಡು, “ಭಾವ, ಗಾಡಿ ಒಂದ್ಸಲ ನಡ್ಸಿ, ನೋಡ್ತೀನಿ” ಎಂದ. ಕುದುರೆ ಕುಂಟುತ್ತಿದೆಯೋ ಇಲ್ಲವೋ ನೋಡುವುದಕ್ಕೆ ಲಾಳದವರು ಹೀಗೇ ಮಾಡುತ್ತಾರಂತೆ. ಗಟ್ಟಿ ನೆಲದ ಮೇಲೆ ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಬೇಕು. ಮನೆಯ ಮುಂದಿನ ಕಾಂಕ್ರೀಟು ರಸ್ತೆಯಲ್ಲಿ ಅಪ್ಪ ಕಾರು ಓಡಿಸಿದ. ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ರೋಡ್ ಹಂಪಿನ ಹತ್ತಿರ ಕಾಲೆತ್ತಿ ಮತ್ತೆ ಒತ್ತಬೇಕು, ಲೊಟಕ್. ಮಾವ ಕಲ್ಲುಬೆಂಚಿನ ಮೇಲೆ ಕೂತು ಮೂರು ಸಲ ಆ ಕಡೆ, ಮೂರು ಸಲ ಈ ಕಡೆ ಓಡಿಸಲು ಹೇಳಿ ನೋಡಿದ. ಅಪ್ಪ ಮುಖಕ್ಕೆ ನೀರು ಹಾಕಿಕೊಳ್ಳಲು ಒಳಗೆ ಹೋದಾಗ ನನ್ನನ್ನು ತೊಟ್ಟಿಯ ಹತ್ತಿರ ಕರೆದ.

“ಚೈತ್ರವ್ವ, ಕುದ್ರೆ ಕುಂಟುದ್ರೆ ನಾವು ಕಾಲ್ ನೋಡಲ್ಲ, ತಲೆ ನೋಡ್ತೀವಿ. ನೋವಿರೋ ಕಾಲು ನೆಲ ಮುಟ್ತಿದ್ದಂಗೆ ತಲೆ ಮ್ಯಾಕೇಳ್ತದೆ.”

“ಕಾರಿಗೆಲ್ಲಿದೆ ಮಾವ ತಲೆ?”

“ಕೂತಿರೋರ್ಗೆ ಐತಲ್ಲ. ಆರ್ ಸಲ ಅಂತು. ಆರ್ ಸಲಾನೂ ನಿನ್ ತಲೆ ಹಿಂದಿಕ್ ತಿರುಗ್ತು. ಅಲ್ ಮಲ್ಗಿದ್ ನಾಯಿ ಕಿವಿ ನಿಮಿರ್ಸ್ತು. ಭಾವ ಮಾತ್ರ ಸುಮ್ನೆ ಮುಂದಿಕ್ ನೋಡ್ತಾ ಕೂತಿದ್ರು.” ಮಾವ ಎಲೆಯ ರಸ ಉಗಿದು ಬಂದು ಮೆಲ್ಲಗೆ ಹೇಳಿದ: “ಕುಂಟ್ತಿರೋದು ಗಾಡಿ ಒಂದೇ ಅಲ್ಲ ಕಣವ್ವ.”

ವಾಪಸು ಬರುವಾಗ ನಾನು ಗೀಟು ಎಳೆಯಲಿಲ್ಲ. ತಲೆಯೊಳಗೆ ಬೇರೆ ಲೆಕ್ಕ ಓಡುತ್ತಿತ್ತು. ಈಚೆಗೆ ಅಪ್ಪ ಗಿರಾಕಿಗಳಿಂದ ಸದ್ದನ್ನು ಮೂರು ಮೂರು ಸಲ ಮಾಡಿಸುತ್ತಿದ್ದ. ‘ಗಟ್ಟಿಯಾಗ್ ಹೇಳಯ್ಯ, ಊಟ ಮಾಡಿಲ್ವಾ?’ ವಯಸ್ಸಾದಂತೆ ಕೆಲಸದಲ್ಲಿ ಅಚ್ಚುಕಟ್ಟು ಜಾಸ್ತಿಯಾಗಿದೆ ಎಂದು ನಾನು ಹೆಮ್ಮೆಪಟ್ಟಿದ್ದೆ. ಸರಿಮಾಡಿಸಿಕೊಂಡು ಹೋದ ಇಬ್ಬರು ಮತ್ತೆ ಅದೇ ಸದ್ದಿನೊಂದಿಗೆ ಬಂದಿದ್ದರು. ಊರಿನವರು ಆ ಬಗ್ಗೆ ಏನೂ ಆಡಿಕೊಳ್ಳಲಿಲ್ಲ. ಆಡಿಕೊಂಡರೂ ಅಪ್ಪನಿಗೆ ಕೇಳುತ್ತಿರಲಿಲ್ಲ. ಈಗಿನ ಹೊಸ ಗಾಡಿಗಳು ತಮ್ಮ ಕಷ್ಟವನ್ನು ಕಂಪ್ಯೂಟರಿಗೆ ಹೇಳಿಕೊಳ್ಳುತ್ತವೆ. ಅಪ್ಪನ ಹತ್ತಿರ ಬರುವುದು ಬಾಯಿಲ್ಲದ ಹಳೆಯ ಗಾಡಿಗಳು. ಅವುಗಳ ಮಾತು ಕೇಳಿಸುವುದೇ ಅವನ ವಿದ್ಯೆ. ಅದು ಹೋಗಿದೆ ಎಂದು ಅವನಿಗೆ ಹೇಳುವುದು ಹೇಗೆ? ಹೇಳದಿದ್ದರೆ ಕಿವಿ ತೋರಿಸುವುದು ಯಾವಾಗ? ಮೂರು ಭಾನುವಾರ ಪ್ರಯತ್ನಪಟ್ಟೆ. ಮೊದಲನೆಯ ಸಲ, “ಅಪ್ಪ, ತುಮಕೂರು ಬಸ್‌ಸ್ಟ್ಯಾಂಡ್ ಹತ್ರ ಒಬ್ರು ಒಳ್ಳೆ ಕಿವಿ ಡಾಕ್ಟ್ರು ಬಂದಿದ್ದಾರೆ” ಎಂದೆ. “ನಿಂಗೇನಾಯ್ತು?” ಎಂದು ಗಾಬರಿಯಾದ. ಎರಡನೆಯ ಸಲ ಪುಸ್ತಕ ತೆರೆದಿಟ್ಟೆ. ಕನ್ನಡಕ ಇಲ್ಲ ಎಂದ. ಮೂರನೆಯ ಸಲ ನಾನೇ ಬಾಯಿ ತೆರೆದು ಮುಚ್ಚಿದೆ. ಡೈರಿಯಲ್ಲಿ ಬರೆದಿದ್ದೇನೆ: ‘ಇವತ್ತೂ ಆಗಲಿಲ್ಲ. ಮೂರು.’

ನಾಲ್ಕನೆಯ ಭಾನುವಾರ ಮಾವ ತಾನೇ ಗುಬ್ಬಿಗೆ ಬಂದ. ಬಂದವನು ಕಾಫಿ ಕುಡಿದು ಲೋಟ ಕೆಳಗಿಟ್ಟು, “ಭಾವ, ವ್ಯತ್ಯಾಸದ್ ಎಣ್ಣೆ ಬದ್ಲಾಯ್ಸಿ ಎಷ್ಟ್ ದಿನ ಆಯ್ತು?” ಎಂದು ಕೇಳಿದ.

ಅಪ್ಪನಿಗೆ ಚುರುಕ್ ಎಂದಿತು. ಎಣ್ಣೆ ಬದಲಾಯಿಸದೆ ಗಾಡಿ ಓಡಿಸುವವರನ್ನು ಅವನು ಸ್ನಾನ ಮಾಡದವರ ಸಾಲಿಗೆ ಸೇರಿಸುತ್ತಾನೆ. “ಏನ್ಲಾ, ಲಾಳ ಹೊಡ್ಯೋನು ನಂಗೆ ಎಣ್ಣೆ ಲೆಕ್ಕ ಹೇಳ್ಕೊಡ್ತೀಯಾ?” ಎಂದು ಎದ್ದ. ಎದ್ದಮೇಲೆ ನಿಲ್ಲುವವನಲ್ಲ. ಹತ್ತು ನಿಮಿಷದಲ್ಲಿ ಕಾರಿನ ಹಿಂಭಾಗ ಜಾಕಿನ ಮೇಲಿತ್ತು, ಅಪ್ಪ ಗೋಣಿಚೀಲ ಹಾಸಿಕೊಂಡು ಅದರಡಿಯಲ್ಲಿದ್ದ.

“ಭಾವ, ಹಳೇ ಎಣ್ಣೆ ಹೊರಗ್ ಬುಡೋಕ್ ಮುಂಚೆ ಒಂದ್ಸಲ ಒಳ್ಗಡೆ ಕೇಳ್‌ಬುಡಿ” ಎಂದು ಮಾವ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಅಡಿಗೆ ಚಾಚಿದ.

ಇದು ಎಲ್ಲ ಹಳೆಯ ಮೆಕ್ಯಾನಿಕ್ಕುಗಳಿಗೂ ಗೊತ್ತಿರುವ ಉಪಾಯ. ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರೆ ಒಳಗಿನ ಸದ್ದು ಕಿವಿಯ ತೂತಿನ ಹಂಗಿಲ್ಲದೆ ಮೂಳೆಯಲ್ಲೇ ಹಾದು ತಲೆಯೊಳಗೆ ಬರುತ್ತದೆ. ಚಿಕ್ಕವಳಿದ್ದಾಗ ಅಪ್ಪ ನನಗೂ ಒತ್ತಿ ತೋರಿಸಿದ್ದ. ಎಂಜಿನ್ನಿನ ಒಳಗೆ ಯಾರೋ ಹಪ್ಪಳ ಮುರಿಯುತ್ತಿದ್ದಾರೆ ಎಂದು ನಾನು ಹೇಳಿದ್ದೆ. ಈಚೆಗೆ ವರ್ಷಗಳಿಂದ ಅಪ್ಪ ಇದನ್ನು ಮಾಡಿದ್ದು ನಾನು ಕಂಡಿರಲಿಲ್ಲ.

ನಾನು ಬಲಗಡೆಯ ಚಕ್ರ ಹಿಡಿದು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಅಲ್ಲಾಡಿಸಿದೆ. ಲೊಟಕ್.

ಕಾರಿನ ಅಡಿಯಿಂದ ಕಾಣುತ್ತಿದ್ದದ್ದು ಅಪ್ಪನ ಪಾದಗಳು ಮಾತ್ರ. ಎರಡೂ ಪಾದಗಳು ಒಮ್ಮೆಲೇ ನೆಟ್ಟಗಾದವು.

“ಇನ್ನೊಂದ್ಸಲ” ಎಂದ.

ಅಲ್ಲಾಡಿಸಿದೆ.

“ಇನ್ನೊಂದ್ಸಲ.”

ಹನ್ನೊಂದು ಸಲ ಮಾಡಿಸಿದ. ಎಣಿಸದೆ ಇರುವುದು ನನ್ನ ಕೈಲಿ ಎಲ್ಲಾಗುತ್ತದೆ? ಮಾವ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ. ಅಡಿಯಿಂದ ಅಪ್ಪನ ದನಿ ಬಂತು, ತುಂಬ ಮೆಲ್ಲಗೆ, ತನ್ನಷ್ಟಕ್ಕೇ ಹೇಳಿಕೊಂಡ ಹಾಗೆ.

“ಇಷ್ಟ್ ಜೋರಾಗ್ ಅಂತಾ ಇತ್ತಾ?”

ಹೌದು ಎನ್ನಬೇಕಾದರೆ ಕೂಗಿ ಹೇಳಬೇಕಾಗುತ್ತಿತ್ತು. ಅದನ್ನು ಕೂಗಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕಪ್ಪು ಕೈಯೊಂದು ಹೊರಗೆ ಬಂತು. “ಪುಸ್ತಕ ಕೊಡು ಮಗಾ.”

ಕೊಟ್ಟೆ. ಕನ್ನಡಕವನ್ನೂ ಕೊಟ್ಟೆ. ಅಪ್ಪ ಕಾರಿನ ಅಡಿಯಲ್ಲಿ ಮಲಗಿಕೊಂಡೇ ಎರಡು ವರ್ಷದ ಲೆಕ್ಕವನ್ನು ಮೊದಲ ಪುಟದಿಂದ ಓದಿದ. ಪುಟ ಮಗುಚುವ ಸದ್ದು ಒಂದೊಂದಾಗಿ ಕೇಳುತ್ತಿತ್ತು. ಅಮ್ಮ ಒಳಗಿನಿಂದ ಬಂದವಳು ನಮ್ಮನ್ನು ನೋಡಿ, ಚಾಪೆಯ ಮೇಲೆ ಕೂತಳು. ಶೆಡ್ಡಿನ ತಗಡಿನ ಮೇಲೆ ಒಂದು ಕಾಗೆ ನಡೆದಾಡುತ್ತಿತ್ತು. ಅದು ಅಪ್ಪನಿಗೆ ಕೇಳುತ್ತಿದೆಯೋ ಇಲ್ಲವೋ ಎಂದು ನಾನು ಯೋಚಿಸಿದೆ. ಇಷ್ಟು ವರ್ಷ ಬರಿಯ ಕಾಗೆಯಾಗಿದ್ದದ್ದು ಆವತ್ತು ಪ್ರಶ್ನೆಯಾಯಿತು.

ಅಪ್ಪ ಹೊರಗೆ ಬಂದು ಕೈ ಒರೆಸಿಕೊಂಡ. ಯಾರ ಮುಖವನ್ನೂ ನೋಡಲಿಲ್ಲ.

“ಹಳೇ ಎಣ್ಣೆ ಹೊರಗ್ ಬುಡ್ರೋ. ವ್ಯತ್ಯಾಸ ಕೆಳಗಿಳ್ಸೋಣ.”

ಆಮೇಲಿನದ್ದು ಬರಿಯ ಕೆಲಸ. ಚಕ್ರ ಬಿಚ್ಚಿ, ಎರಡು ಕಡೆಯ ಶಾಫ್ಟು ಎಳೆದು, ಮುಂದಿನ ವಿಶ್ವವ್ಯಾಪಿ ಕೀಲು ಕಳಚಿ, ಮಾವನೂ ನಾನೂ ಹಿಡಿದುಕೊಂಡು ಆ ಗುಂಡನ್ನು ಬೆಂಚಿನ ಮೇಲಿಟ್ಟೆವು. ಒಳಗೆ ಜೇಡದ ಗೇರುಗಳ ಹಿಂದಿನ ತಾಮ್ರದ ವಾಷರುಗಳು ಎಲೆಯಷ್ಟು ತೆಳ್ಳಗಾಗಿದ್ದವು, ಒಂದಂತೂ ಎರಡು ಚೂರು. ಗೇರುಗಳನ್ನು ಹಿಡಿದ ಅಡ್ಡಪಿನ್ನು ಉಗುರಿಗೆ ಮೆಟ್ಟಿಲು ಸಿಗುವಷ್ಟು ಸವೆದಿತ್ತು. ಅಪ್ಪ ಅದರ ಮೇಲೆ ಹೆಬ್ಬೆರಳನ್ನು ಹತ್ತು ಸಲ ಆಡಿಸಿದ. “ಇಲ್ ನೋಡು ಮಗಾ, ಮುಟ್ಟು” ಎಂದು ನನ್ನ ಬೆರಳನ್ನೂ ಹಿಡಿದು ಆಡಿಸಿದ. ಅವನು ಆವತ್ತು ಪ್ರತಿಯೊಂದನ್ನೂ ಮುಟ್ಟಿ ನೋಡುತ್ತಿದ್ದ. ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುವ ಬದಲು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿ ತಿರುಗಿಸಿದ.

ವಾಷರು, ಪಿನ್ನು ತುಮಕೂರಿನಿಂದ ನಾನೇ ತಂದೆ. ಸ್ಪೇರ್ಸ್ ಅಂಗಡಿಯವರು “ಯಾವ್ದಕ್ಕೆ ಮೇಡಂ?” ಎಂದು ಕೇಳಿದರು. ಅಭ್ಯಾಸಬಲದಿಂದ “ವ್ಯತ್ಯಾಸಕ್ಕೆ” ಎಂದುಬಿಟ್ಟೆ. ಅವರು ಒಂದು ಕ್ಷಣ ನನ್ನನ್ನು ನೋಡಿ, “ಅದ್ಕೆ ಅಂಗ್ಡೀಲಿ ಏನೂ ಇಲ್ಲ” ಎಂದರು.

ಮುಂದಿನ ಭಾನುವಾರ ಎಲ್ಲ ಜೋಡಿಸಿ ಎಣ್ಣೆ ತುಂಬಿದೆವು. ಅಪ್ಪ ಚಕ್ರ ಹಿಡಿದು ಮುಂದಕ್ಕೆ ಹಿಂದಕ್ಕೆ ಅಲ್ಲಾಡಿಸಿ, ಇನ್ನೊಂದು ಕೈಯನ್ನು ಗುಂಡಿನ ಮೇಲಿಟ್ಟು ನೋಡಿದ. ತಲೆಯಾಡಿಸಿದ. ಆಮೇಲೆ ಕೈ ತೊಳೆದು ಬಂದು ಎಡಗಡೆಯ ಸೀಟಿನಲ್ಲಿ ಕೂತ. ಆ ಕಾರಿನಲ್ಲಿ ಅಪ್ಪ ಎಡಗಡೆ ಕೂತದ್ದು ಅದೇ ಮೊದಲು.

“ನೀನ್ ಓಡ್ಸು” ಎಂದ.

ಮಾವ ಶೆಡ್ಡಿನ ಮುಂದೆ ನಿಂತು, “ನೆಟ್ಟಗೆ ಓಡ್ಸವ್ವ, ಮರಿ ಕುದ್ರೆ ಅದು” ಎಂದು ಕೂಗಿದ. ನಾನು ಗುಬ್ಬಿ ದಾಟಿ ತುಮಕೂರಿನ ರಸ್ತೆಗೆ ತಿರುಗಿಸಿದೆ. ಬೇಕೆಂದೇ ಕಾಲೆತ್ತಿ, ಒತ್ತಿ, ಎತ್ತಿ, ಒತ್ತಿ ಓಡಿಸಿದೆ. ಹಂಪುಗಳಲ್ಲಿ, ಸರ್ವಿಸ್ ರಸ್ತೆಯ ಗುಂಡಿಗಳಲ್ಲಿ, ಹಾಲಿನ ಲಾರಿಯ ಹಿಂದೆ ನಿಧಾನವಾಗಿ, ಅದನ್ನು ದಾಟಿ ಜೋರಾಗಿ. ಹಿಂದಿನಿಂದ ಏನೂ ಇಲ್ಲ. ಗಾಳಿ ಮಾತ್ರ. ಅಪ್ಪ ರಸ್ತೆಯನ್ನು ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. ತುಮಕೂರಿನ ಕಟ್ಟಡಗಳು ಕಾಣತೊಡಗಿದಾಗ ಕೇಳಿದ.

“ಎಷ್ಟಾಯ್ತು?”

ಎಡಗೈ ಎತ್ತಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ತೋರಿಸಿದೆ. “ಸೊನ್ನೆ ಅಪ್ಪ.”

ಅಪ್ಪ ಮುಂದಕ್ಕೆ ತಿರುಗಿ ಕೂತ. ಒಂದು ಫರ್ಲಾಂಗು ಹೋಗಿರಬೇಕು. ಆಮೇಲೆ ಅವನ ಭುಜ ಅಲುಗತೊಡಗಿತು. ನಾನು ಹೆದರಿ ನೋಡಿದೆ. ನಗುತ್ತಿದ್ದ.

“ನಂಗಂತೂ ಇದು ಎಷ್ಟೋ ದಿನ್ದಿಂದ ಹಿಂಗೇ ಓಡ್ತಿತ್ತು ಕಣ್ ಮಗಾ.”

ನನಗೂ ನಗು ಬಂತು, ಕಣ್ಣೂ ಮಂಜಾಯಿತು. ಗಾಡಿಯನ್ನು ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಬೇಕಾಯಿತು. ಅಪ್ಪ ಕಣ್ಣೊರೆಸಿಕೊಂಡು ತುಮಕೂರಿನ ಕಡೆ ಬೆರಳು ತೋರಿಸಿದ.

“ಆ ಕಿವಿ ಡಾಕ್ಟ್ರು ಬಸ್‌ಸ್ಟ್ಯಾಂಡ್ ಹತ್ರ ಅಂದ್ಯಲ್ಲ. ಭಾನ್ವಾರ ಇರ್ತಾರಾ?”

“ಇರಲ್ಲ, ನಾಳೆ ಇರ್ತಾರೆ” ಎಂದೆ.

“ಆಂ?”

ನಾನು ಅವನ ಕಡೆ ಪೂರ್ತಿ ತಿರುಗಿ ಕೂತು, ನಾಚಿಕೆ ಬಿಟ್ಟು, ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದೆ: “ನಾಳೆ ಅಪ್ಪ! ನಾಳೆ!”

“ಸರಿ. ನಾಳೆ” ಎಂದ ಅಪ್ಪ.